ಡಿಫೆಂಡರನ ಸೊಂಟ

ಯುರೋಪಿಗೆ ಬಂದ ಮೇಲೆ ಒಗಿನೊನ ಕಾಲಿಗಿಂತ ಸೊಂಟಕ್ಕೇ ಹೆಚ್ಚು ಹೆಸರು ಬಂದಿತ್ತು. ತಪ್ಪು ಮಾಡಿದರೆ ಸೊಂಟ ಬಗ್ಗಿಸಿ ಕ್ಷಮೆ ಕೇಳಬೇಕೆಂದು ಜಪಾನಿನಲ್ಲಿ ಅಜ್ಜಿ ಕಲಿಸಿದ್ದಳು. ಡಿಫೆಂಡರನಾದವನು ತಪ್ಪನ್ನು ಮುಚ್ಚಿಕೊಳ್ಳಬೇಕೆಂದು ಕಲಿಸುವಷ್ಟು ಫುಟ್‌ಬಾಲ್ ಆಕೆಗೆ ಗೊತ್ತಿರಲಿಲ್ಲ. ಹಾಗಾಗಿ ರೆಫ್ರಿ ನೋಡದ ಫೌಲಿಗೂ ಇವನೇ ಬಗ್ಗಿ, ಎದುರಾಳಿಗೆ ಪೆನಾಲ್ಟಿಯನ್ನು ತಟ್ಟೆಯಲ್ಲಿಟ್ಟು ಕೊಡುತ್ತಿದ್ದ. ಈ ಮೂರನೆಯ ಕ್ಲಬ್ಬೂ ಹೊರಗೆ ಹಾಕಿದರೆ ಯೋಗ ಕಲಿಸಿ ಬದುಕಬಹುದೆಂದು ತನ್ನನ್ನೇ ಗೇಲಿ ಮಾಡಿಕೊಳ್ಳುತ್ತಿದ್ದ.

“ಇವತ್ತು ಸೋತ್ರೆ ನಾವು ಕೆಳಗಿನ ಲೀಗಿಗೆ ಬೀಳ್ತೀವಿ. ಇನ್ನೊಂದ್ಸಲ ಬಗ್ಗಿದ್ರೆ ನಿನ್ನನ್ನ ವಾಪಸ್ ವಿಮಾನ ಹತ್ತಿಸ್ತೀನಿ,” ಎಂದ ಕೋಚ್.

“ಇಲ್ಲ ಸಾರ್, ಖಂಡಿತ ಬಗ್ಗಲ್ಲ,” ಎಂದು ಒಗಿನೊ ಬಗ್ಗಿಯೇ ಹೇಳಿದ. ಕೋಚ್ ಹಣೆ ಚಚ್ಚಿಕೊಂಡ.

ಆಟ ಸಮಸಮವಾಗಿಯೇ ಕೊನೆಯ ನಿಮಿಷಕ್ಕೆ ಬಂತು. ಗೋಲಿನ ಮುಂದೆ ಚೆಂಡಿಗೆ ತಾಗಬೇಕಿದ್ದ ಒಗಿನೊನ ಬೂಟು ಎದುರಾಳಿಯ ಕಣಕಾಲಿಗೆ ತಾಗಿತು. ಅವನು ದೊಪ್ಪೆಂದು ಬಿದ್ದು, “ಪೆನಾಲ್ಟಿ! ಪೆನಾಲ್ಟಿ!” ಎಂದು ಬೊಬ್ಬೆ ಹೊಡೆದ. ಒಗಿನೊ ಹಲ್ಲು ಕಚ್ಚಿಕೊಂಡು, ಗೂಟ ನುಂಗಿದವನ ಹಾಗೆ ನೆಟ್ಟಗೆ ನಿಂತ.

ದೂರದಿಂದ ಓಡಿಬಂದ ರೆಫ್ರಿ ಮೊದಲು ನೋಡಿದ್ದು ಆ ಸೊಂಟವನ್ನು.

“ಏಳಯ್ಯಾ, ಸಾಕು ನಾಟಕ,” ಎಂದರು ಬಿದ್ದವನಿಗೆ. “ಇವನು ಒದ್ದಿದ್ರೆ ಇಷ್ಟೊತ್ತಿಗೆ ಬಗ್ಗಿರ್ತಿದ್ದ. ಈ ಮೈದಾನದಲ್ಲಿ ನಾನು ಕಣ್ಮುಚ್ಚಿ ನಂಬೋದು ಇವನೊಬ್ಬನನ್ನೇ.”

ಗೆರೆಯಾಚೆ ಕೋಚ್ ಕುಣಿದಾಡುತ್ತಿದ್ದ. ಒಗಿನೊ ಅತ್ತ ಒಮ್ಮೆ ನೋಡಿದ, ಆಮೇಲೆ ರೆಫ್ರಿಯ ಕಡೆ ತಿರುಗಿ, ಕೈಗಳನ್ನು ತೊಡೆಗೆ ಅಂಟಿಸಿಕೊಂಡು, ಅಜ್ಜಿ ಕಲಿಸಿದಷ್ಟೂ ಬಗ್ಗಿದ.