ಒಂದು ಹನಿಯೂ ಸೋರದ ಡ್ರಮ್ಮು

ಮೂರನೇ ಸಲವೂ ಬೆಂಕಿ ಆರಿಹೋಯಿತು. ನೀರಿನ ಟ್ಯಾಂಕುಗಳ ಸೋರಿಕೆ ಮುಚ್ಚುವುದರಲ್ಲೇ ತಲೆ ನರೆಸಿಕೊಂಡಿದ್ದ ಮನೆ ಯಜಮಾನ ಡ್ರಮ್ಮಿನ ಮುಚ್ಚಳ ಎತ್ತಿ ಇಣುಕಿದ. ತಳದ ಸೌದೆ ಕರ್ರಗಾಗಿತ್ತು. ಜಾಲರಿಯ ಮೇಲಿನ ಕೋಳಿ ಮಾತ್ರ ಈಗಷ್ಟೇ ಸ್ನಾನ ಮುಗಿಸಿದಂತೆ ಬೆಳ್ಳಗೆ, ತಣ್ಣಗೆ ಮಲಗಿತ್ತು. ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಹೆಂಡತಿಯ ಅಣ್ಣ ಪೇಪರಿನ ಹಾಳೆ ತಿರುವಿದ. ಒಂದು ಮಾತೂ ಆಡಲಿಲ್ಲ.

ಆ ಮೌನವೇ ಇವನ ಹೊಟ್ಟೆ ಉರಿಸುತ್ತಿತ್ತು. ಭಾವ ಬೇಕರಿಯವನು, ಒಲೆಯ ಮುಂದೆಯೇ ಆಯಸ್ಸು ಕಳೆದವನು. ಮೊದಲೆಲ್ಲ ಮನೆಗೆ ಕಾಲಿಟ್ಟರೆ ನಲ್ಲಿಯಿಂದ ಹಿಡಿದು ಮಕ್ಕಳ ಓದಿನವರೆಗೆ ಎಲ್ಲಕ್ಕೂ ಬುದ್ಧಿ ಹೇಳುತ್ತಿದ್ದ. "ನಮ್ಮನೆ ವಿಷಯಕ್ಕೆ ಇನ್ಮೇಲೆ ನೀವು ಬಾಯಿ ಹಾಕ್ಬೇಡಿ" ಎಂದು ಇವನು ಒಂದು ದಿನ ರೇಗಿದ್ದೇ ರೇಗಿದ್ದು. ಅಂದಿನಿಂದ ಭಾವ ಬರುತ್ತಾನೆ, ಉಣ್ಣುತ್ತಾನೆ, 'ಹೂಂ' ಅನ್ನುತ್ತಾನೆ, ಕೈ ತೊಳೆದು ಹೊರಟುಬಿಡುತ್ತಾನೆ. ಮೂರು ವರ್ಷದಿಂದ ಹೀಗೇ. ಅಣ್ಣನನ್ನು ಕಳಿಸಿ ಬಂದ ಹೆಂಡತಿ ಮರೆಯಲ್ಲಿ ಕಣ್ಣೊರೆಸಿಕೊಳ್ಳುವುದನ್ನು ನೋಡಿ ನೋಡಿ ಇವನಿಗೂ ಸಾಕಾಗಿತ್ತು. ತಪ್ಪಾಯ್ತು ಅನ್ನೋಣವೆಂದರೆ ನಾಲಿಗೆ ಏಳಬೇಕಲ್ಲ! ಅದಕ್ಕೇ ಉರಿ ತಾಗಿಸದೆ ಹೊಗೆಯ ಕಾವಿನಲ್ಲೇ ಮಾಂಸ ಬೇಯಿಸುವ ಸ್ಮೋಕರ್ ಕಟ್ಟಿ, ಕೈಯಾರೆ ಬಡಿಸಿ ರಾಜಿಯಾಗುವ ಉಪಾಯ. ಒಂದೇ ಒಂದು ಮಾತು ತಪ್ಪಿಸಿಕೊಳ್ಳಲು ಮಹಾಶಯ ತಿಂಗಳುಗಟ್ಟಲೆ ಕಬ್ಬಿಣದ ಜೊತೆ ಗುದ್ದಾಡಿದ್ದ.

ಕಟ್ಟಿದ್ದಾದರೂ ಎಂಥದ್ದು! ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ನಕ್ಷೆ ಬರೆದು, ಹಳೆಯ ಡ್ರಮ್ಮು ತಂದು, ಇದ್ದಬದ್ದ ತೂತಿಗೆಲ್ಲ ಬೆಸುಗೆ ಹಾಕಿ, ಮುಚ್ಚಳದ ಸುತ್ತ ಬಿಸಿ ತಡೆಯುವ ಪಟ್ಟಿ ಬಿಗಿದಿದ್ದ. ಹೊಗೆ ಚೂರೂ ಪೋಲಾಗಬಾರದು ನೋಡಿ! ಕೊನೆಗೆ ಅಂಚಿನವರೆಗೆ ನೀರು ತುಂಬಿಸಿ ಪರೀಕ್ಷೆಯನ್ನೂ ಮಾಡಿದ್ದ. ಒಂದು ಹನಿ ಸೋರಿರಲಿಲ್ಲ. ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ.

ಹೆಂಡತಿ ಒಳಗಿನಿಂದ ಬಂದಳು. "ರೀ, ಇವತ್ತು ಒಲೆ ಹಚ್ಚಲೇಬೇಡ ಅಂದ್ರಲ್ಲ, ಮನೇಲಿ ತಿನ್ನೋಕೆ ಏನೂ ಇಲ್ಲ." ಆಮೇಲೆ ದನಿ ತಗ್ಗಿಸಿದಳು. "ಅಣ್ಣಂಗೆ ಗೊತ್ತಿರುತ್ತೆ, ಒಂದ್ಮಾತು ಕೇಳಿ. ಹಸ್ಕೊಂಡು ಎದ್ದು ಹೋದ್ರೆ ಇನ್ನು ಈ ಕಡೆ ಬರ್ತಾನಾ ಅವ್ನು?"

ಅವಳ ಕಣ್ಣು ಆಗಲೇ ತುಂಬಿತ್ತು. ಇವನು ಮಸಿ ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಕೆಮ್ಮಿದ. ಆಕಾಶ ನೋಡಿದ. ಅಲ್ಲೂ ಯಾರೂ ಸಹಾಯಕ್ಕೆ ಬರುವಂತೆ ಕಾಣಲಿಲ್ಲ.

"ಭಾವ, ಇದ್ಯಾಕೆ ಉರೀತಿಲ್ಲ?"

ಪೇಪರು ಕೆಳಗಿಳಿಯಿತು. "ಗಾಳಿ ಒಳಗೆ ಹೋಗೋಕೆ ಕೆಳಗೊಂದು ತೂತು, ಹೊಗೆ ಹೊರಗೆ ಬರೋಕೆ ಮೇಲೊಂದು ತೂತು. ಉಸಿರು ಕಟ್ಟಿಸಿದ್ರೆ ಬೆಂಕಿ ಬದುಕುತ್ತಾ?"

"ನಿಮಗೆ ಯಾವಾಗ ಗೊತ್ತಾಯ್ತು?"

"ಬಂದು ಚಪ್ಪಲಿ ಬಿಡೋವಾಗ್ಲೇ."

"ಅಯ್ಯೋ, ಆಗ್ಲೇ ಹೇಳ್ಬಾರದಿತ್ತಾ!"

"ಬಾಯಿ ಹಾಕ್ಬೇಡಿ ಅಂದಿದ್ರಲ್ಲ" ಎಂದ ಭಾವ, ಮೆಲ್ಲಗೆ.

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಇವನಿಗೆ. ಡ್ರಿಲ್ ತಂದ. ಜೀವಮಾನವಿಡೀ ತೂತು ಮುಚ್ಚಿದ ಕೈ ಕೊರೆಯಲು ಒಪ್ಪಲಿಲ್ಲ. ಕಣ್ಣು ಮುಚ್ಚಿಕೊಂಡೇ ಕೊರೆದ. ಮತ್ತೆ ಕಡ್ಡಿ ಗೀರಿದಾಗ ಸೌದೆ ಹತ್ತಿಕೊಂಡಿತು, ಮೇಲಿನ ತೂತಿನಿಂದ ತೆಳ್ಳಗೆ ಹೊಗೆ ಎದ್ದಿತು.

"ಇದು ಬೇಯೋಕೆ ಸಂಜೆ ಆಗುತ್ತೆ" ಎನ್ನುತ್ತಾ ಭಾವ ಕುರ್ಚಿಯಿಂದ ಎದ್ದ. ಹೆಂಡತಿ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ತಪ್ಪಾಯ್ತು ಭಾವ" ಎಂದ ಇವನು ಗಡಿಬಿಡಿಯಲ್ಲಿ. "ಹೋಗ್ಬೇಡಿ. ಇನ್ನೂ ಏನೇನು ತಪ್ಪು ಮಾಡಿದೀನಿ, ಹೇಳಿ."

ಭಾವ ಪೇಪರು ಮಡಚಿಟ್ಟು, ಕುರ್ಚಿಯನ್ನು ಡ್ರಮ್ಮಿನ ಪಕ್ಕಕ್ಕೆ ಎಳೆದುಕೊಂಡು ಆರಾಮಾಗಿ ಕೂತ. "ಈ ಡ್ರಮ್ಮಿಂದು ಮಾತ್ರ ಸಾಕಾ, ಮೂರು ವರ್ಷದ್ದೂ ಹೇಳ್ಲಾ?"