ಬಾವಿಯ ಒಳ್ಳೆಯ ಹೆಸರು

"ಸುಳ್ಳು! ಅಪ್ಪಟ ಸುಳ್ಳು!"

ನರ್ಸಮ್ಮ ಗುದ್ದಿದ ರಭಸಕ್ಕೆ ಪ್ರಯೋಗಾಲಯದ ಮೇಜಿನ ಮೇಲಿದ್ದ ಗಾಜಿನ ನಳಿಗೆಗಳು ಗಲಗಲ ಅಲ್ಲಾಡಿದವು.

"ಊರಲ್ಲಿ ಅರ್ಧ ಜನ ವಾಂತಿ ಭೇದಿ ಹಿಡಿದು ಮಲಗಿದ್ದಾರೆ. ನನ್ನ ಮಗ ಡ್ರಿಪ್ ಹಾಕಿಸ್ಕೊಂಡು ಕಣ್ಣೇ ಬಿಡ್ತಿಲ್ಲ. ನೀವು ನೋಡಿದ್ರೆ ಬಾವಿ ನೀರು ಶುದ್ಧ ಅಂತೀರಿ!"

"ಬಾಟಲಿಯಲ್ಲಿ ಬಂದ ನೀರು ಪರೀಕ್ಷೆ ಮಾಡೋದು ನನ್ನ ಕೆಲಸ," ಎಂದ ಪ್ರಯೋಗಾಲಯದವನು. "ಅದರಲ್ಲಿ ಒಂದು ಕ್ರಿಮಿಯೂ ಇಲ್ಲ. ನಾನೇ ತಂದು ಹಾಕಲಾ?"

ಅವಳ ಮೈಯೆಲ್ಲ ಉರಿಯಿತು. ಬಾವಿಗೆ ಅಂಟಿಕೊಂಡೇ ಪಂಚಾಯಿತಿ ಅಧ್ಯಕ್ಷನ ದನದ ಕೊಟ್ಟಿಗೆ. ಅಲ್ಲಿನ ಗಂಜಲ ಎಲ್ಲಿಗೆ ಇಳಿಯುತ್ತದೆಂದು ಕುರುಡನೂ ಹೇಳಬಲ್ಲ. ಆದರೆ ನೀರು ಕೆಟ್ಟಿದೆಯೆಂದು ಇಲ್ಲಿಂದ ವರದಿ ಬಂದರಷ್ಟೇ ಬಾವಿ ಮುಚ್ಚಿ ಟ್ಯಾಂಕರ್ ಕಳಿಸುತ್ತಾರೆ. ಈ ಮಹಾಶಯನೋ, ಅದೇ ಅಧ್ಯಕ್ಷನ ಷಡ್ಡಕ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು?

ಇವನ ಮಾತು ನಂಬಿ, "ನೀರು ಚೆನ್ನಾಗಿದೆ, ಸೌದೆ ಸುಟ್ಟು ಕುದಿಸೋದು ಬೇಡ" ಎಂದು ಮನೆಮನೆಗೆ ಸಾರಿದವಳು ಅವಳೇ. ತನ್ನ ಮನೆಯಲ್ಲೂ ಹಾಗೇ ಮಾಡಿಸಿದ್ದಳು. ನಂಬಿಸಿ ಕತ್ತು ಕೊಯ್ದನಲ್ಲ ಎಂದುಕೊಂಡಾಗ ಅಳು ಒತ್ತರಿಸಿ ಬಂತು.

"ಬೇಕಾದ್ರೆ ಇನ್ನೊಂದು ಬಾಟಲಿ ತುಂಬಿಸಿ ತನ್ನಿ, ನಿಮ್ಮ ಕಣ್ಣೆದುರೇ ನೋಡ್ತೀನಿ. ಅಂದಹಾಗೆ, ತುಂಬಿಸೋರು ಯಾರು?"

"ನಮ್ಮತ್ತೆ. ನಾನು ಚುಚ್ಚುಮದ್ದು ಹಾಕೋಕೆ ಹೋದಾಗ ಅವರೇ ತುಂಬಿಸಿ ನಿಮ್ಮ ಗಾಡಿಗೆ ಕೊಡ್ತಾರೆ. ಹೆತ್ತ ತಾಯಿಗಿಂತ ಹೆಚ್ಚು ನನಗೆ. ಅವರ ಮೇಲೆ ಗೂಬೆ ಕೂರಿಸಬೇಡಿ!"

ಖಾಲಿ ಬಾಟಲಿ ಕಸಿದುಕೊಂಡು ನೇರ ಮನೆಗೆ ಬಂದಳು.

ಅತ್ತೆ ಒಲೆಯ ಮುಂದೆ ಕೂತಿದ್ದರು. ಮೊಮ್ಮಗನ ಚಿಂತೆಯಲ್ಲಿ ಮುಖ ಬಾಡಿತ್ತು. ಸೊಸೆಯ ಕೈಯಲ್ಲಿ ಬಾಟಲಿ ಕಂಡದ್ದೇ ಎದ್ದು ಬಂದು ತೆಗೆದುಕೊಂಡರು.

"ಕೊಡಿ ಅತ್ತೆ, ಈ ಸಲ ನಾನೇ ಬಾವಿಗೆ ಹೋಗಿ ತುಂಬಿಸ್ತೀನಿ."

"ಸುಮ್ನಿರೇ. ಇದಕ್ಕೆ ಒಂದು ಚೂರೂ ಕೊಳೆ ಸೇರಬಾರದು ಅಂತ ನೀನೇ ಹೇಳಿದ್ದೆ ತಾನೆ? ಇಂಥ ಅವಸರದಲ್ಲಿ ನಿನ್ನ ಕೈಲಾಗಲ್ಲ." ಅತ್ತೆ ಕೊಡದಲ್ಲಿದ್ದ ಬಾವಿ ನೀರನ್ನು ಪಾತ್ರೆಗೆ ಬಗ್ಗಿಸಿ ಉರಿ ದೊಡ್ಡದು ಮಾಡಿದರು. "ಚೆನ್ನಾಗಿ ಕುದೀಬೇಕು, ಆರಬೇಕು, ಆಮೇಲೆ ತುಂಬಿಸೋದು. ಪ್ರತಿ ಸಲವೂ ಹಾಗೇ ಮಾಡಿ ಕಳಿಸಿದ್ದೀನಿ. ದೊಡ್ಡೋರ ಕೈಗೆ ಹಸಿ ನೀರು ಕೊಟ್ರೆ ಊರಿನ ಮಾನ ಉಳಿಯುತ್ತಾ?"

ನರ್ಸಮ್ಮ ಪಾತ್ರೆಯಿಂದ ಕೊಡದತ್ತ ತಿರುಗಿದಳು.

"ಮತ್ತೆ... ಮಗೂಗೆ?"

"ಅವನೇನು ಹೊರಗಿನವನೇನೇ, ಕುದಿಸಿ ಕೊಡೋಕೆ?"