ಅನಂತ ಮತ್ತು ಫ್ರೂಮಮ್ಮನ ಕೋಳಿ

"ತಿನ್ನಬಹುದಾ, ಬಾರದಾ? ಅಷ್ಟು ಹೇಳಿ ಸಾಕು," ಎನ್ನುತ್ತ ಫ್ರೂಮಮ್ಮ ಸತ್ತ ಕೋಳಿಯನ್ನು ತಂದು ನಮ್ಮ ಗ್ರಂಥಗಳ ಪಕ್ಕದಲ್ಲೇ ಇಟ್ಟಳು. ಅದರ ಹೊಟ್ಟೆಯೊಳಗೆ ಕಾಳು ಅರೆಯುವ ಚೀಲವನ್ನು ಸೀಳಿದಾಗ ಒಳಗೋಡೆಗೆ ಸೂಜಿಯೊಂದು ಚುಚ್ಚಿಕೊಂಡಿತ್ತಂತೆ. ಶುಕ್ರವಾರ ಮಧ್ಯಾಹ್ನ. ಸೂರ್ಯ ಮುಳುಗಿದರೆ ಸಬ್ಬತ್ತು, ಆಮೇಲೆ ಒಲೆ ಹಚ್ಚುವಂತಿಲ್ಲ. ಇಂಥದ್ದಕ್ಕೆ ತೀರ್ಪು ಹೇಳುವ ನಮ್ಮೂರು ಸಫೇದಿನ ರಬ್ಬಿಗಳು ಯಾರದೋ ಸಾವಿಗೆಂದು ತಿಬೇರಿಯಾಕ್ಕೆ ಹೋಗಿದ್ದರು. ಊರಲ್ಲಿ ಉಳಿದ ಪಂಡಿತರೆಂದರೆ ನಾವೇ: ರಹಸ್ಯವಿದ್ಯೆಯ ಗುರು ಗೆಟ್ಸೆಲ್, ಮತ್ತು ಅವರ ಸುತ್ತ ಕೂತು ತಲೆದೂಗುವ ಏಳೆಂಟು ಗಡ್ಡಗಳು.

ಗೆಟ್ಸೆಲ್ ಆಗಷ್ಟೇ ಹೇಳುತ್ತಿದ್ದರು: ಅನಂತವೆಂಬ ದೈವ ಯಾರ ಬುದ್ಧಿಗೂ ಎಟುಕುವುದಿಲ್ಲ. ಆದರೆ ಅದು ತನ್ನ ಇಚ್ಛೆಯನ್ನು ತೋರಾ ಎಂಬ ಧರ್ಮಗ್ರಂಥದಲ್ಲಿಟ್ಟು, ಲೋಕದಿಂದ ಲೋಕಕ್ಕೆ ಇಳಿಸುತ್ತ ನಮ್ಮ ತನಕ ಕಳಿಸಿದೆ. ಎತ್ತು, ಮೊಟ್ಟೆ, ಅಡುಗೆ ಪಾತ್ರೆಯ ಕಾನೂನಿನೊಳಗೆ ಕೂತಿರುವುದೂ ಅದೇ. ನಾವು ಕಣ್ಣು ಮುಚ್ಚಿ "ಆಹಾ" ಎನ್ನುತ್ತಿದ್ದೆವು. ಮೇಲಿನ ಲೋಕಗಳ ಸಂದುಗೊಂದುಗಳೆಲ್ಲ ನಮಗೆ ಗೊತ್ತಿದ್ದವು. ಕೋಳಿಯ ಹೊಟ್ಟೆಗೆ ಮಾತ್ರ ಯಾರೂ ಕೈಹಾಕಿರಲಿಲ್ಲ.

"ನನ್ನ ತಂಗಿ ಬಂದಿದಾಳೆ," ಎಂದಳು ಫ್ರೂಮಮ್ಮ. "ಯುದ್ಧದಲ್ಲಿ ಸತ್ತೇ ಹೋದ್ಲು ಅಂದ್ಕೊಂಡಿದ್ದೆ. ನಿನ್ನೆ ಹೈಫಾದಲ್ಲಿ ಹಡಗು ಇಳಿದ್ಲು. ರೇಷನ್ನಲ್ಲಿ ಇನ್ನೊಂದು ಕೋಳಿ ಸಿಗೋದು ಯಾವ ಕಾಲಕ್ಕೋ."

ಗೆಟ್ಸೆಲ್ ದೂರದಿಂದಲೇ ಬಗ್ಗಿ ಸೂಜಿಯನ್ನು ನೋಡಿದರು. ತಿನ್ನಬಹುದು ಎಂದು ತಪ್ಪಿ ಹೇಳಿದರೆ ಪಾಪ ಸುತ್ತಿಕೊಳ್ಳುತ್ತದೆ, ಬಾರದು ಎಂದರೆ ಯಾರೂ ಏನೂ ಕೇಳುವುದಿಲ್ಲ. ಅವರು ನಮ್ಮ ಮುಖ ನೋಡಿದರು. ನಾವು ಪುಸ್ತಕ ನೋಡಿದೆವು.

"ಬೇಡಮ್ಮ. ಬಾರದು."

"ತೋರಾ ಬೇಡ ಅಂದ್ರೆ ಬೇಡ," ಎಂದಳು. ಅಳಲಿಲ್ಲ, ಗೊಣಗಲೂ ಇಲ್ಲ. ಆ ಚೀಲವನ್ನು ಮೇಜಿನ ಮೇಲೇ ಬಿಟ್ಟು, ಕೋಳಿಯನ್ನು ಎತ್ತಿಕೊಂಡು ಹೋಗಿ ಬೀದಿಯ ಬೆಕ್ಕುಗಳಿಗೆ ಹಾಕಿದಳು. ನಾವು ಕಿಟಕಿಯಿಂದ ನೋಡುತ್ತ ನಿಂತೆವು.

ಅವಳು ಹೋದ ಮೇಲೆ ನಮಗೆಲ್ಲ ಧೈರ್ಯ ಬಂತು. ಕಪಾಟಿನ ಮೇಲೆ ಧೂಳು ತಿನ್ನುತ್ತಿದ್ದ ಕಾನೂನಿನ ಪುಸ್ತಕವನ್ನು ಇಳಿಸಿ ಓದಿದೆವು. ಸೂಜಿ ಚೀಲವನ್ನು ತೂರಿ ಹೊರಗೆ ಬಂದಿದ್ದರೆ ಮಾತ್ರ ಕೋಳಿ ತಿನ್ನಬಾರದು. ಗೆಟ್ಸೆಲ್ ಕಣ್ಣು ಕಿರಿದು ಮಾಡಿಕೊಂಡು, ಎರಡೇ ಬೆರಳಲ್ಲಿ ಚೀಲವನ್ನು ಮಗುಚಿದರು. ಹೊರಗಡೆ ಒಂದು ಗೀರೂ ಇರಲಿಲ್ಲ. ಅಷ್ಟೆತ್ತರದಿಂದ ಎಲ್ಲೂ ಎಡವದೆ ಇಳಿದು ಬಂದ ಅನಂತ, ನಮ್ಮ ಮೇಜಿನ ಹತ್ತಿರ ಬಂದು ಮುಗ್ಗರಿಸಿತ್ತು.

ಗೆಟ್ಸೆಲ್ ಮನೆಗೆ ಓಡಿದರು. ಹೆಂಡತಿಯಿಂದ ಚೆನ್ನಾಗಿ ಬೈಸಿಕೊಂಡು, ತಮ್ಮ ಮನೆಯ ಸಬ್ಬತ್ತಿನ ಕೋಳಿಯನ್ನೇ ತಂದರು. ಅವರ ಬೆನ್ನಿಗೆ ನಾವೂ ಹೊರಟೆವು. ಫ್ರೂಮಮ್ಮನ ಮನೆಯಲ್ಲಿ ತಂಗಿ ಆಲೂಗಡ್ಡೆ ಸುಲಿಯುತ್ತ ಕೂತಿದ್ದಳು. ಅವಳ ಕೈ ಎಷ್ಟು ಸಣಕಲಾಗಿತ್ತೆಂದರೆ, ನಾವ್ಯಾರೂ ಆ ಕಡೆ ಮತ್ತೆ ನೋಡಲಿಲ್ಲ.

"ಇದನ್ನ ಬೇಯಿಸಿ, ಫ್ರೂಮಮ್ಮ," ಎಂದರು ಗೆಟ್ಸೆಲ್. "ನಿಮ್ಮ ಕೋಳೀಲಿ ಏನೂ ದೋಷ ಇರ್ಲಿಲ್ಲ. ಬೇಡ ಅಂದಿದ್ದು ತೋರಾ ಅಲ್ಲ, ನನ್ನ ಪುಕ್ಕಲುತನ."

ಫ್ರೂಮಮ್ಮ ಕೋಳಿಯನ್ನು ನೋಡಿದಳು. ಅವರನ್ನು ನೋಡಿದಳು. ಬಾಗಿಲಲ್ಲಿ ಒತ್ತಿಕೊಂಡು ನಿಂತಿದ್ದ ನಮ್ಮನ್ನೂ ನೋಡಿದಳು.

"ಮತ್ತೆ, ಇದನ್ನ ತಿನ್ನಬಹುದು ಅಂತ ಈಗ ಹೇಳ್ತಿರೋದು ಯಾರು, ಗುರುಗಳೇ?"